ಹಸಿಗಾರೆಯಲ್ಲಿ ಕೊರೆದ ಹೆಸರು

ನನ್ನ ಅಂಗೈ ಬೆವರುತ್ತದೆ. ಇದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ, ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದೇನೆ. ಹೊಸಬರ ಎದುರು ಪೆನ್ನು ಹಿಡಿದರೆ ಕಾಗದದ ಮೇಲೆ ಕೈಯ ಅಚ್ಚು ಮೂಡುತ್ತದೆ, ಶಾಯಿ ಹರಡುತ್ತದೆ. ಬಿ.ಎ. ಪರೀಕ್ಷೆಯನ್ನು ಕರ್ಚೀಫು ಮಡಿಸಿ ಕೈಕೆಳಗೆ ಇಟ್ಟುಕೊಂಡೇ ಬರೆದು ಪಾಸಾದೆ. ಅರವತ್ತಮೂರನೇ ಇಸವಿಯ ನವೆಂಬರಿನಲ್ಲಿ ಸ್ಮಾರಕ ಸಮಿತಿಯ ಕೆಲಸಕ್ಕೆ ಸೇರಿದ ದಿನ ನನಗಿದ್ದ ದೊಡ್ಡ ಚಿಂತೆ ಇದೊಂದೇ. ಕಾರ್ಯದರ್ಶಿಗಳು ನನ್ನ ಕೈ ನೋಡಿಬಿಟ್ಟರೆ?

ಅವರು ನೋಡಲಿಲ್ಲ. ಕಾರ್ಯದರ್ಶಿ ವೆಂಕಟೇಶಯ್ಯನವರು ತುಮಕೂರಿನಲ್ಲಿ ವಕೀಲರು, ಅಪ್ಪನ ಸ್ನೇಹಿತರು. ಎದುರಿಗಿರುವವರ ಮುಖವನ್ನೂ ನೋಡದೆ ಮಾತಾಡಿಕೊಂಡು ಹೋಗುವ ಅಭ್ಯಾಸ ಅವರದು. "ಕೂತ್ಕೋಮ್ಮ ಕೌಸಲ್ಯ. ನಿಮ್ಮಪ್ಪ ಶ್ರೀಕಂಠಯ್ಯ ಅಂದ, ನಮ್ಮ ಹುಡುಗಿ ಮಾತಾಡಲ್ಲ ಆದ್ರೆ ಅಕ್ಷರ ಮುತ್ತು ಅಂತ. ನಮಗೆ ಬೇಕಾಗಿರೋದೂ ಅಕ್ಷರಾನೇ. ಮಾತಾಡೋಕೆ ನಾನಿದೀನಲ್ಲ!" ಎಂದು ನಕ್ಕರು.

ಕುಣಿಗಲ್ ಕಡೆಯ ಒಂದು ಕಲ್ಲುಕ್ವಾರಿಯಲ್ಲಿ ಐವತ್ತೊಂದನೇ ಇಸವಿಯಲ್ಲಿ ಬಂಡೆ ಜರಿದು ಹನ್ನೊಂದು ಜನ ಕೂಲಿಗಳು ಸತ್ತಿದ್ದರು. ಬಂಡೆ ಬಾಯಿಬಿಟ್ಟಿದೆ, ಕೆಳಗೆ ಇಳಿಯುವುದಿಲ್ಲ ಎಂದು ಅವರು ಮೂರು ದಿನ ಕೆಲಸ ನಿಲ್ಲಿಸಿದ್ದರಂತೆ. ನಾಲ್ಕನೆಯ ದಿನ ಮೇಸ್ತ್ರಿ ಬೈದು ಬೆದರಿಸಿ ಇಳಿಸಿದ. ವಿಚಾರಣೆ ನಡೆದಾಗ ಅದೇ ಮೇಸ್ತ್ರಿ, ಬೇಡವೆಂದರೂ ಕುಡಿದ ಮತ್ತಿನಲ್ಲಿ ತಾವಾಗಿಯೇ ಇಳಿದರು ಎಂದು ಹೇಳಿಕೆ ಕೊಟ್ಟ. ಸತ್ತವರೇ ತಪ್ಪಿತಸ್ಥರಾದರು. ಹನ್ನೆರಡು ವರ್ಷಗಳಾದ ಮೇಲೆ, ಅಂತರಸನಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಕಾರ್ಮಿಕ ಭವನ ಕಟ್ಟಿ, ಅದರ ಹೊರಗೋಡೆಯ ತುಂಬ ಆ ಹನ್ನೊಂದು ಜನರ ಚಿತ್ರ ಬರೆಸಿ, ಕೆಳಗೆ ಹೆಸರು ಕೊರೆಸುವುದೆಂದು ಸಮಿತಿ ತೀರ್ಮಾನಿಸಿತ್ತು. ಹೆಸರುಗಳನ್ನು ಸರಿಯಾಗಿ ಕಲೆಹಾಕುವುದು ನನ್ನ ಕೆಲಸ.

ಚಿತ್ರ ಬರೆಯಲು ಗುಬ್ಬಿಯಿಂದ ಪರಮಶಿವಯ್ಯನವರು ಬಂದಿದ್ದರು. ಆಯಸ್ಸಿನ ಬಹುಭಾಗ ನಾಟಕದ ಪರದೆಗಳನ್ನು ಬರೆದವರು. ಅವರು ಇದ್ದಲಿನಲ್ಲಿ ಗೀರಿದ ಮೊದಲ ಕೂಲಿಯಾಳನ್ನು ನೋಡಿ ವೆಂಕಟೇಶಯ್ಯನವರು ಹಣೆ ಚಚ್ಚಿಕೊಂಡರು.

"ಏನ್ ಸ್ವಾಮಿ ಇದು? ಕಲ್ಲೊಡೆಯೋಕೆ ಹೊರಟವ್ನೋ, ಕುರುಕ್ಷೇತ್ರಕ್ಕೆ ಹೊರಟವ್ನೋ? ಗದೆ ಒಂದು ಕಮ್ಮಿ!"

"ಒಂದು ಫೋಟೋ ಇಲ್ಲ, ಏನಿಲ್ಲ. ಸತ್ತೋರ ಮುಖ ನಾನೆಲ್ಲಿಂದ ತರ್ಲಿ?" ಎಂದರು ಪರಮಶಿವಯ್ಯ. "ಮೀಸೆ ಬೇಕಾದ್ರೆ ಇಳಿಸ್ತೀನಿ. ಎದೆ ಇಳಿಸಲ್ಲ. ಹಾರೆ ಎತ್ತೋನಿಗೆ ಎದೆ ಬೇಡ್ವಾ?"

ಹಾಗಾಗಿ ಮುಖಗಳು ಯಾರವೂ ಆಗಿರಲಿಲ್ಲ. ಹೆಸರಷ್ಟೇ ಅವರದು.

ಹತ್ತು ಹೆಸರುಗಳು ಕಷ್ಟವಿಲ್ಲದೆ ಸಿಕ್ಕವು. ಉಳಿದ ಒಬ್ಬನ ವಿಷಯದಲ್ಲಿ ಹಳೆಯ ಪಟ್ಟಿಯಲ್ಲಿ 'ಹಾಗಲವಾಡಿ ರಂಗಯ್ಯ' ಎಂದಷ್ಟೇ ಇತ್ತು. ಕ್ವಾರಿಯ ಹಾಜರಿ ಪುಸ್ತಕದಲ್ಲಿ ಹಾಗಲವಾಡಿಯ ರಂಗಯ್ಯಂದಿರು ಇಬ್ಬರಿದ್ದರು, ದೊಡ್ಡರಂಗಯ್ಯ ಮತ್ತು ಚಿಕ್ಕರಂಗಯ್ಯ. ಬಂಡೆ ಜರಿದ ಆ ಸೋಮವಾರಕ್ಕೆ ಇಬ್ಬರ ಹಾಜರಿಯೂ ನಿಂತುಹೋಗಿತ್ತು. ಸತ್ತವನ ಹೆಂಡತಿ ಇನ್ನೂ ಊರಲ್ಲಿದ್ದಾಳೆ, ಹನುಮಂತಮ್ಮ ಅಂತ, ಹೋಗಿ ಕೇಳಿಕೊಂಡು ಬಾ ಎಂದು ವೆಂಕಟೇಶಯ್ಯನವರು ಕಳಿಸಿದರು.

ಡಿಸೆಂಬರಿನ ಮೊದಲ ವಾರ. ಗುಬ್ಬಿ, ನಿಟ್ಟೂರು ದಾಟಿ ಹಾಗಲವಾಡಿ ಮುಟ್ಟುವಾಗ ಮಧ್ಯಾಹ್ನ ಮೂರು ಗಂಟೆ. ರಾಗಿ ಕೊಯ್ಲಿನ ಕಾಲ, ಊರು ಖಾಲಿ. ಇದೇ ಬಸ್ಸು ಮುಂದಿನ ಊರಿಗೆ ಹೋಗಿ ಅರ್ಧ ಗಂಟೆಯಲ್ಲಿ ಹಿಂದಿರುಗುತ್ತದೆ, ಅದು ತಪ್ಪಿದರೆ ಇವತ್ತು ಬೇರೆ ಇಲ್ಲ ಎಂದು ಕಂಡಕ್ಟರ್ ಹೇಳಿದ್ದ. ಹನುಮಂತಮ್ಮನ ಮನೆ ಬೀದಿಯ ಮೊದಲನೆಯದು, ದೊಡ್ಡ ಜಗಲಿಯ ಮನೆ. ಆಕೆ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಕೂದಲು ಪೂರ್ತಿ ಬಿಳಿ, ಮುಂದಿನ ಎರಡು ಹಲ್ಲಿಲ್ಲ. ವಯಸ್ಸು ಅರವತ್ತಾಗಿರಬೇಕು ಅಂದುಕೊಂಡೆ.

ಬಂದ ವಿಷಯ ಹೇಳಿದೆ. ಗೋಡೆಯ ಮೇಲೆ ಗಂಡನ ಹೆಸರು ಬರೆಸುತ್ತಾರೆ ಎಂದದ್ದು ಆಕೆಗೆ ನಂಬಿಕೆಯಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ತುಮ್ಕೂರ್ನಾಗಾ? ಎಲ್ರಿಗೂ ಕಾಣಂಗಾ?"

"ಹೌದಮ್ಮ. ನಿಮ್ಮ ಯಜಮಾನರ ಹೆಸರು ಹೇಳಿ, ಬರ್ಕೋತೀನಿ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯೋ ಬುಡಿ ಅಮ್ಮಣ್ಣಿ, ಅದು ನನ್ ಬಾಯಾಗೆ ಹೆಂಗ್ ಬತ್ತದೆ? ಯಾರಾರ ಇದ್ದಿದ್ರೆ ಹೇಳೋರು. ಎಲ್ಲಾ ಹೊಲ್ತಾವ ಹೋಗವ್ರೆ." ಆಮೇಲೆ ಬೀದಿಯ ಕೊನೆಯ ರಂಗಪ್ಪನ ಗುಡಿಯ ಕಡೆಗೆ ಕೈ ತೋರಿಸಿದಳು. "ಅಲ್ಲಿ ಕುಂತವ್ನಲ್ಲ, ಆವಯ್ಯನ ಹೆಸ್ರೇಯ. ಅಣ್ಣತಮ್ಮ ಇಬ್ರಿಗೂ ಆ ದೇವ್ರ ಹೆಸ್ರೇ ಮಡಗಿದ್ರು. ನಮ್ಮನೆಯೋರು..." ಅಲ್ಲಿಗೆ ನಿಂತಳು. ಕಣ್ಣು ತುಂಬಿತು. ಬಿಡಿಸಿದ ಕಾಳಿನ ಮೊರವನ್ನು ಸುಮ್ಮನೆ ಅತ್ತಿತ್ತ ಆಡಿಸುತ್ತ, "ಬಂಡೆ ಎತ್ತಿದ್ ಮ್ಯಾಲೆ ನಂಗೆ ತೋರಿಸ್ನೇ ಇಲ್ಲ ಕಣವ್ವ," ಎಂದಳು.

ದೊಡ್ಡವರೋ ಚಿಕ್ಕವರೋ ಎಂದು ಕೇಳಿದ್ದರೆ ಆಗುತ್ತಿತ್ತು. ಬೆರಳು ಎತ್ತಿಯೋ ಇಳಿಸಿಯೋ ತೋರಿಸುತ್ತಿದ್ದಳು. ಅಳುತ್ತಿರುವವಳನ್ನು ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ಹೊಲದಿಂದ ಜನ ಬರುವ ತನಕ ಕಾಯಲೂ ಆಗಲಿಲ್ಲ. ಬಸ್ಸಿನ ಹಾರ್ನ್ ಕೇಳಿದಾಗ, ಸುಳ್ಳೇಕೆ ಹೇಳಲಿ, ನನಗೆ ಬಿಡುಗಡೆಯಾದಂತಾಯಿತು. ಕೈಮುಗಿದು ಓಡಿದೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಹೆಂಗಸಿಗೆ ಅರವತ್ತು. ಊರಮುಂದಿನ ದೊಡ್ಡ ಮನೆ. ಅಂದಮೇಲೆ ಹಿರಿಯ ಮಗನ ಹೆಂಡತಿಯೇ. ನಿಟ್ಟೂರು ಬರುವುದರೊಳಗೆ ಪುಸ್ತಕ ತೆಗೆದು 'ಹಾಗಲವಾಡಿ ದೊಡ್ಡರಂಗಯ್ಯ' ಎಂದು ಬರೆದು ಮುಗಿಸಿದ್ದೆ. ಅಕ್ಷರ ಮುತ್ತಿನ ಹಾಗೇ ಇತ್ತು.

ಏಪ್ರಿಲಿನಲ್ಲಿ ಗೋಡೆಯ ಕೆಳಭಾಗಕ್ಕೆ ಬಂದರು. ಪರಮಶಿವಯ್ಯನವರು ಒಂದು ದಿನಕ್ಕೆ ಎಷ್ಟು ಮುಗಿಯುತ್ತದೋ ಅಷ್ಟಗಲಕ್ಕೆ ಮಾತ್ರ ಬೆಳಿಗ್ಗೆ ಸುಣ್ಣದ ಗಾರೆ ಬಳಿಸುವರು. ಅದು ಹಸಿಯಿರುವಾಗಲೇ ಬಣ್ಣ ಕುಡಿಯಬೇಕು, ಹಸಿಯಿರುವಾಗಲೇ ಹೆಸರು ಕೊರೆಯಬೇಕು. ನಾನು ಪಕ್ಕದಲ್ಲಿ ನಿಂತು ಓದುವುದು, ಅವರು ಉದ್ದದ ಮೊಳೆ ಹಿಡಿದು ಕೊರೆಯುವುದು.

"ಏಳನೇದು ಹೇಳಮ್ಮ."

"ಹಾಗಲವಾಡಿ ದೊಡ್ಡರಂಗಯ್ಯ."

ಮೊಳೆ ಗೋಡೆಯ ಹತ್ತಿರ ಹೋಗಿ ನಿಂತಿತು. "ನೋಡ್ಕೊಂಡು ಹೇಳು ತಾಯಿ. ಬಟ್ಟೆ ಪರದೆ ಆದ್ರೆ ಮೇಲೆ ಬಣ್ಣ ಬಳಿದುಬಿಡ್ತೀನಿ. ಇದು ಒಣಗಿದ್ರೆ ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ. ಸರಿಯಾಗೈತಾ?"

ತಲೆಯಾಡಿಸಿದೆ. ಮೊಳೆ ಗಾರೆಯೊಳಗೆ ಇಳಿಯುವ ಸದ್ದು ಹಸಿ ಸೌತೆಕಾಯಿ ಕೊಯ್ದ ಹಾಗಿತ್ತು.

ಮೇ ಒಂದಕ್ಕೆ ಉದ್ಘಾಟನೆ. ಹಿಂದಿನ ದಿನ ಮಧ್ಯಾಹ್ನ ಎಡಗೈ ಮೊಣಕೈಯಿಂದ ಕೆಳಗೆ ಇಲ್ಲದ ಮುದುಕನೊಬ್ಬ ಗೋಡೆಯ ಮುಂದೆ ಬಂದು ನಿಂತ. ಅಡವಿಯಪ್ಪ, ನಿಟ್ಟೂರಿನವನು. ಅದೇ ಬಂಡೆಯ ಕೆಳಗಿನಿಂದ ಬದುಕಿ ಬಂದವನು.

"ನಂಗೆ ಅಕ್ಸರ ಬರಾಕಿಲ್ಲ. ಒಂದೊಂದಾಗಿ ಓದು ಅಮ್ಮಣ್ಣಿ," ಎಂದ.

ಓದಿದೆ. ಅವನು ಪ್ರತಿ ಹೆಸರಿಗೂ ಏನಾದರೂ ಹೇಳುತ್ತಿದ್ದ. "ಹೂಂ, ಬೀಡಿ ಪರಮೇಸಿ. ಬೆಂಕಿಪಟ್ಣ ಯಾವತ್ತೂ ಇರ್ನಿಲ್ಲ ನನ್ಮಗನ್ತಾವ." "ಇವ್ನು ಲಾವಣಿ ಹೇಳೋನು. ಕತ್ತೆ ದನಿ, ಆದ್ರೂ ಹೇಳೋನು." ಏಳನೆಯದನ್ನು ಓದಿದಾಗ ಕಿವಿ ಹತ್ತಿರ ತಂದ.

"ಇನ್ನೊಂದ್ಸಲ ಓದು."

"ಹಾಗಲವಾಡಿ ದೊಡ್ಡರಂಗಯ್ಯ."

"ಮೇಸ್ತ್ರೀನಾ?" ಅವನ ಮುಖದಲ್ಲಿ ನಗುವಿನಂಥದ್ದೇನೋ ಬಂತು. "ಆ ಹಲ್ಕಾನ್ನ ಗೋಡೆ ಮ್ಯಾಲೆ ಹತ್ತಿಸಿದ್ದೀರಾ? ಸತ್ತಿದ್ದು ತಮ್ಮ ಕಣವ್ವ! ಚಿಕ್ಕರಂಗ! ಇಪ್ಪತ್ತೇಳು ವರ್ಸದ ಹುಡ್ಗ. ಒಳೀಕೆ ತಳ್ಳಿದ್ದು ಇವ್ನು, ಅವ್ನ ಸ್ವಂತ ಅಣ್ಣ. ಕುಡಿದಿದ್ರು ಅಂತ ಕೋರ್ಟ್ನಾಗೆ ಹೇಳಿದ್ದೂ ಇವ್ನೇ. ಊರಿಗೆ ಮುಖ ತೋರ್ಸಕ್ಕಾಗ್ದೆ ಮನೆ ಬುಟ್ಟು ಓಡೋದ. ಎಲ್ಲಿ ಸತ್ನೋ."

ಮನೆ ಬಿಟ್ಟು. ಆ ದೊಡ್ಡ ಜಗಲಿ. ಇಪ್ಪತ್ತೇಳು ವರ್ಷದವನ ಹೆಂಡತಿ ಅಂದರೆ ಹನುಮಂತಮ್ಮನಿಗೆ ಈಗ ನಲವತ್ತೂ ಆಗಿರಲಾರದು. 

ಕೂಗಾಟ ಕೇಳಿ ವೆಂಕಟೇಶಯ್ಯನವರು ಹೊರಗೆ ಬಂದರು. ಎಲ್ಲರೂ ಬರೀ ಮೇಸ್ತ್ರಿ ಎನ್ನುತ್ತಿದ್ದವನ ಹೆಸರು ಅವರಿಗೂ ತಿಳಿದಿರಲಿಲ್ಲ. ತಿದ್ದಬಹುದೇ ಎಂದು ಪರಮಶಿವಯ್ಯನವರನ್ನು ಕೇಳಿದರು. ಆ ಜಾಗ ಒಡೆದರೆ ಮೇಲೆ ಬರೆದ ಕಲ್ಲು ಹೊರುವ ಹೆಂಗಸಿನ ಕಾಲೂ ಮಂಕರಿಯೂ ಉದುರುತ್ತವೆ, ತೇಪೆ ಎದ್ದು ಕಾಣುತ್ತದೆ, ಎರಡು ದಿನವಾದರೂ ಬೇಕು ಎಂದರು ಅವರು.

"ಬೆಳಗಾದ್ರೆ ಮಂತ್ರಿಗಳು ಬರ್ತಾರೆ ಕಣ್ರೀ!" ವೆಂಕಟೇಶಯ್ಯನವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಆಮೇಲೆ ಅಡವಿಯಪ್ಪನ ಕಡೆ ತಿರುಗಿ, ಕೋರ್ಟಿನ ದನಿಯಲ್ಲಿ, "ನೋಡಪ್ಪ, ನಾವು ಮನೆಬಾಗಿಲಿಗೆ ಹೋಗಿ ವಿಚಾರಿಸಿ ಬರೆಸಿದ್ದು. ಆ ಹೆಣ್ಣುಮಗಳೇ ಈ ಹೆಸರು ಹೇಳಿದಾಳೆ. ಅಲ್ವೇನಮ್ಮ ಕೌಸಲ್ಯ?" ಎಂದರು.

ಅವರಿಗೆ ಗೊತ್ತಿದ್ದದ್ದು ಅಷ್ಟೇ. ನಾನು ಹಾಗೇ ತಿಳಿಸಿದ್ದೆ. ಮೂವರೂ ನನ್ನನ್ನೇ ನೋಡುತ್ತಿದ್ದರು. ನಾನು ತಲೆಯಾಡಿಸಿದೆ.

"ಅವ್ಳೇ ಹೇಳಿದ್ಲಾ?" ಅಡವಿಯಪ್ಪ ಗೋಡೆಯ ಕಡೆ ನೋಡಿದ. "ಗಂಡನ ಹೆಸ್ರು ಕೇಳಿದ್ರೆ ಭಾವನ ಹೆಸ್ರು ಹೇಳಿದ್ಲಾ?"

ಮಾರನೆಯ ದಿನ ಹಾಗಲವಾಡಿಯಿಂದ ಹತ್ತು ಜನ ಬಂದಿದ್ದರು. ಹನುಮಂತಮ್ಮ ಮಡಿಸಿಟ್ಟ ಗೆರೆ ಹೋಗದ ಸೀರೆ ಉಟ್ಟು, ಬಾಳೆಎಲೆಯಲ್ಲಿ ದುಂಡುಮಲ್ಲಿಗೆ ಕಟ್ಟಿಕೊಂಡು ಬಂದಿದ್ದಳು. ಭಾಷಣಗಳು ನಡೆಯುತ್ತಿರುವಾಗಲೇ ಗೋಡೆಯ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದಳು.

"ಯಾವ್ದು ಅಮ್ಮಣ್ಣಿ, ಅವ್ರದು? ತೋರ್ಸಿ."

ಇಲ್ಲ ಎನ್ನಬಹುದಿತ್ತು. ನನ್ನ ಬೆರಳು ಏಳನೆಯ ಸಾಲಿಗೆ ಹೋಯಿತು.

ಆಕೆ ಕುಕ್ಕರುಗಾಲಲ್ಲಿ ಕೂತು, ಕೊರೆದ ಅಕ್ಷರಗಳ ಗುಂಟ ಬೆರಳಾಡಿಸಿದಳು, ಮೊದಲಿನಿಂದ ಕೊನೆಯವರೆಗೆ. "ಇಷ್ಟುದ್ದ ಐತಾ ಅವ್ರ ಹೆಸ್ರು!" ಎಂದು ನನ್ನ ಕಡೆ ತಿರುಗಿ ನಕ್ಕಳು. ಬೆರಳಿಗೆ ಹತ್ತಿದ ಸುಣ್ಣದ ಪುಡಿಯನ್ನು ಕಣ್ಣಿಗೊತ್ತಿಕೊಂಡಳು. ಮಲ್ಲಿಗೆಯನ್ನು ಆ ಹೆಸರಿನ ಕೆಳಗೆ ಇಟ್ಟು ಗೋಡೆಗೆ ಹಣೆ ಮುಟ್ಟಿಸಿದಳು. ಗಂಡನ ಅಣ್ಣ ಬಂದರೆ ಸೆರಗೆಳೆದುಕೊಂಡು ಒಳಗೆ ಸರಿಯಬೇಕಾದ ಊರಿನವಳು.

ಹಾಗಲವಾಡಿಯಲ್ಲಿ ಅಂಗಡಿ ಇಟ್ಟಿದ್ದ ಚನ್ನವೀರಯ್ಯನಿಗೆ ಓದು ಬರುತ್ತಿತ್ತು. ಅವನು ಹಿಂದಿನಿಂದ ಬಗ್ಗಿ ಜೋರಾಗಿ ಓದಿದ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಏನಮ್ಮಿ ಹನುಮಂತಿ, ಭಾವನಿಗೆ ಹೂವ ಮುಡುಸ್ತಾ ಇದೀಯಾ?" ಎಂದ ಚನ್ನವೀರಯ್ಯ. ಯಾರೋ ನಕ್ಕರು. "ನೆನ್ನೆ ಅಡವಿಯಪ್ಪ ಹೇಳ್ದಾಗ ನಾನು ನಂಬ್ನಿಲ್ಲ. ಇವ್ಳೇ ಬಾಯ್ಬಿಟ್ಟು ಬರ್ಸವ್ಳಂತೆ. ಹೊಟ್ಟೇಲಿರೋದು ಬಾಯಿಗೆ ಬಂತು ಬುಡು!"

ಹನುಮಂತಮ್ಮನ ನಗು ಇನ್ನೂ ಹಾಗೇ ಇತ್ತು. ಅವಳಿಗೆ ಅರ್ಥವಾಗಿರಲಿಲ್ಲ. ಅವನ ಮುಖ ನೋಡಿದಳು, ಗೋಡೆ ನೋಡಿದಳು, ನನ್ನನ್ನು ನೋಡಿದಳು. ಅಷ್ಟರಲ್ಲಿ ವೇದಿಕೆಯ ಮೇಲೆ ರಾಷ್ಟ್ರಗೀತೆ ಶುರುವಾಯಿತು. ಎಲ್ಲರೂ ನೆಟ್ಟಗೆ ನಿಂತರು. ನಾನೂ ನಿಂತೆ. ಆ ಐವತ್ತು ಸೆಕೆಂಡು ಯಾರೂ ಏನೂ ಕೇಳುವಂತಿಲ್ಲ ಎಂದು ನಾನು ಕೃತಜ್ಞಳಾಗಿದ್ದೆ. ಅದು ಮುಗಿಯುತ್ತಲೇ ಭವನದ ಒಳಗೆ ಹೋಗಿ ಕುರ್ಚಿ ಎಣಿಸುತ್ತ ನಿಂತೆ.

ಗೋಡೆಯ ವಿಷಯ ಆಮೇಲೆ ನೋಡೋಣ ಎಂದಿದ್ದ ವೆಂಕಟೇಶಯ್ಯನವರು ಆಮೇಲೆ ನೋಡಲಿಲ್ಲ. ಪತ್ರಿಕೆಯಲ್ಲಿ ಚಿತ್ರ ಬಂತು. ಸುತ್ತಿಗೆ ಎತ್ತಿದ ಭೀಮಂದಿರು, ಕೆಳಗೆ ಓದಲಾಗದಷ್ಟು ಸಣ್ಣದಾಗಿ ಹನ್ನೊಂದು ಸಾಲು. ಅಪ್ಪ ಅದನ್ನು ಕತ್ತರಿಸಿ ಇಟ್ಟುಕೊಂಡರು. ಸೋದರತ್ತೆ ಅಲಮೇಲಮ್ಮ, "ನಮ್ಮ ಕೌಸಿ ಬರೆಸಿದ್ದು," ಎಂದು ಬಂದವರಿಗೆಲ್ಲ ತೋರಿಸಿದರು.  ಹನುಮಂತಮ್ಮನಿಗೆ ಮೂರು ಸಲ ಕಾಗದ ಬರೆದೆ. ಓದಿ ಹೇಳಲು ಅದು ಚನ್ನವೀರಯ್ಯನ ಕೈಗೇ ಹೋಗುತ್ತದೆ ಎಂದು ನೆನಪಾಗಿ ಹರಿದೆ. ಅದೂ ಒಂದು ನೆಪವೇ.

ಪ್ರಧಾನಿ ತೀರಿಕೊಂಡು ಪೇಟೆಯೆಲ್ಲ ಬಾಗಿಲು ಹಾಕಿದ್ದ ವಾರ ಕಳೆದ ಮೇಲೆ ಅಡವಿಯಪ್ಪ ಆಫೀಸಿಗೆ ಬಂದ. ನಿಂತೇ ಮಾತಾಡಿದ.

"ಅವ್ಳು ಬಾವಿತಾವ ಹೋದ್ರೆ ಹೆಂಗಸ್ರು ಕೊಡ ಎತ್ಕೊಂಡು ಎದ್ದೋಯ್ತಾರೆ. ಅಣ್ಣ ಅಷ್ಟು ದೊಡ್ಡ ಮನೆ ಇವ್ಳಿಗೆ ಸುಮ್ನೆ ಬುಟ್ಟೋದ್ನಾ ಅಂತಾರೆ. ತಮ್ಮನ್ನ ಬಂಡೆ ಕೆಳೀಕೆ ಯಾಕೆ ಇಳ್ಸಿದ ಅಂತ ಈಗ ಗೊತ್ತಾಯ್ತು ಅಂತಾರೆ. ನಾನೇ ಊರಿಗೆಲ್ಲ ಹೇಳ್ಕೊಂಡ್ ಬಂದಿದ್ದು, ಥೂ ನನ್ನ." ಅವನು ಇದ್ದ ಒಂದು ಕೈಯಿಂದ ಮುಖ ಒರೆಸಿಕೊಂಡ. "ಸೋಮ್ವಾರ ಮಧ್ಯಾಹ್ನ ನ್ಯಾಯ ಮಾಡಾಕೆ ಕಟ್ಟೆ ಸೇರ್ತಾರಂತೆ. ಅವತ್ತು ಹೋಗಿ ಬರ್ಕೊಂಡು ಬಂದೋಳು ನೀನು. ಅವ್ಳು ನಿಜವಾಗ್ಲೂ ಏನಂದ್ಲು?"

ಪಕ್ಕದ ಮೇಜಿನಲ್ಲಿ ವೆಂಕಟೇಶಯ್ಯನವರು ಫೈಲಿನಿಂದ ತಲೆ ಎತ್ತಿದರು. "ನನಗೆ... ಸರಿಯಾಗಿ ನೆನಪಿಲ್ಲ," ಎಂದೆ.

ಅಡವಿಯಪ್ಪ ನನ್ನನ್ನು ಬೈಯಲಿಲ್ಲ. "ಆಯ್ತು ಬುಡವ್ವ," ಎಂದು ಮೆಟ್ಟಿಲಿಳಿದು ಹೋದ.

ಸೋಮವಾರ ಬೆಳಿಗ್ಗೆ, ಗುಬ್ಬಿಯ ಗೆಳತಿ ಕಮಲಳನ್ನು ನೋಡಿಬರುತ್ತೇನೆಂದು ಮನೆಯಲ್ಲಿ ಹೇಳಿ ಹೊರಟೆ. ಮೊದಲ ಬಸ್ಸು ನಿಲ್ದಾಣ ಬಿಡುವ ತನಕ ಬೆಂಚಿನ ಮೇಲೆ ಕೂತೇ ಇದ್ದೆ, ಹತ್ತಲಿಲ್ಲ. ಎರಡನೆಯದೂ ಹೋಯಿತು. ಮೂರನೆಯದನ್ನು ಹತ್ತಿದೆ.

ಹಾಗಲವಾಡಿಯಲ್ಲಿ ಇಳಿದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಎಲೆಅಡಿಕೆ ಉಗಿದ ಕಲೆ, ಬೀಡಿಯ ತುಂಡುಗಳು. ಮುಗಿದಿತ್ತು.

ಹನುಮಂತಮ್ಮನ ಅಂಗಳದಲ್ಲಿ ಪಾತ್ರೆಗಳು ಗೋಣಿಚೀಲಕ್ಕೆ ಹೋಗುತ್ತಿದ್ದವು. ಎದುರು ಜಗಲಿಯ ಮೇಲೆ ಚನ್ನವೀರಯ್ಯನೂ ಇನ್ನು ನಾಲ್ಕೈದು ಗಂಡಸರೂ ಕೂತು ಅದನ್ನೇ ನೋಡುತ್ತಿದ್ದರು. ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದರು. ನನ್ನನ್ನು ಕಂಡು ಹನುಮಂತಮ್ಮ ಎದ್ದು ನಿಂತಳು. ತಿಂಗಳಲ್ಲಿ ಇನ್ನೂ ಇಳಿದುಹೋಗಿದ್ದಳು.

"ಬಾ ಅಮ್ಮಣ್ಣಿ. ಕುಂತ್ಕೋ ಅನ್ನಾಕೆ ಇನ್ನು ಮನೆ ನಂದಲ್ಲ. ಬೆಳಗಾಗೋದ್ರಲ್ಲಿ ಬಿಡು ಅಂದವ್ರೆ."

"ಎಲ್ಲಿಗೆ ಹೋಗ್ತೀರಿ?"

ಆಕೆ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ನಾನು ಬೇಜಾರು ಮಾಡಿಕೊಂಡೇನು ಎಂಬ ಹಾಗೆ ಹೇಳಿದಳು: "ನಿಂದೇನೂ ತಪ್ಪಿಲ್ಲ ಕಣವ್ವ. ನಾನು ಅವ್ರ ಮುಂದೆ ಒಪ್ಕೊಂಡ್ಬುಟ್ಟೆ. ಓದಿದೋರು ಇಲ್ಲದ್ದು ಬರೀತಾರಾ? ಅವತ್ತು ಅಳ್ತಾ ಅಳ್ತಾ ನನ್ ಬಾಯಾಗೇ ಬಂದಿರ್ಬೇಕು ಆ ಮುಂಡೇದ್ರ ಹೆಸ್ರು. ನಂಗೆ ನೆಪ್ಪಿಲ್ಲ. ಗಂಡನ ಹೆಸ್ರಿನ ಜಾಗ್ದಾಗೆ ಅವ್ನ ಹೆಸ್ರು ಅಂದೋಳಿಗೆ ಇದು ಆಗ್ಬೇಕಾದ್ದೇ ಬುಡು."

ಎದುರು ಜಗಲಿಯಿಂದ ಚನ್ನವೀರಯ್ಯ, "ಏನಂತೆ? ಪೇಟೆ ಅಮ್ಮೋರು ಏನ್ಹೇಳಾಕೆ ಬಂದವ್ರೆ?" ಎಂದು ಕೂಗಿದ.

ಇನ್ನು ಹೇಳಿ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಟ್ಟೆಯ ಮಾತು ಹಿಂದಕ್ಕೆ ಬರುವುದಿಲ್ಲ. ಅಲ್ಲಿ ತುಮಕೂರಿನಲ್ಲಿ ಗಾರೆ ಕಲ್ಲಿನಂತೆ ಗಟ್ಟಿಯಾಗಿತ್ತು. ಹನುಮಂತಮ್ಮ ಗೋಣಿಚೀಲದ ಬಾಯಿ ಕಟ್ಟಲು ಬಗ್ಗಿದಳು. ನಾನು ಬೀದಿಯ ಕಡೆಗೆ ತಿರುಗಿ ನಿಂತೆ.

"ಇವರು ಯಾವ ಹೆಸರೂ ಹೇಳಿಲ್ಲ," ಎಂದೆ. ಯಾರಿಗೂ ಕೇಳಿಸಲಿಲ್ಲವೆಂದು ಮುಖಗಳಲ್ಲೇ ತಿಳಿಯಿತು. ಮತ್ತೆ ಹೇಳಿದೆ, ಈ ಸಲ ಕೂಗಿ. "ಇವರು ಯಾವ ಹೆಸರೂ ಹೇಳಿಲ್ಲ. ಬಸ್ಸಲ್ಲಿ ಕೂತು, ನಾನೇ ಊಹೆ ಮಾಡಿ ಬರೆಸಿದ್ದು."